ಗಂಗೋತ್ರಿಯ ಕಾಯಂ ಅಣ್ಣ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕುಲಪತಿಗಳ ಅವಧಿ ನಾಲ್ಕು ವರ್ಷ. ಎಂ.ಎ. ಓದುವವರ ಅವಧಿ ಎರಡು ವರ್ಷ. ಕುಕ್ಕರಹಳ್ಳಿ ಕೆರೆಗೆ ಬರುವ ವಲಸೆ ಹಕ್ಕಿಗಳಿಗೂ ಒಂದು ಅವಧಿ ಉಂಟು. ಕಾಲ ಮುಗಿದರೆ ಹಾರಿಹೋಗುತ್ತವೆ. ಅವಧಿ ಎಂಬುದೇ ಇಲ್ಲದವನು ಇಡೀ ಮಾನಸಗಂಗೋತ್ರಿಯಲ್ಲಿ ಒಬ್ಬನೇ. ಅವನನ್ನು ಎಲ್ಲರೂ ಅಣ್ಣ ಎನ್ನುತ್ತಾರೆ. ನಿನ್ನೆ ಸೇರಿದ ಹುಡುಗನೂ ಅಣ್ಣ ಎನ್ನುತ್ತಾನೆ, ಐವತ್ತು ದಾಟಿದ ಕ್ಯಾಂಟೀನಿನ ಭಟ್ಟರೂ ಅಣ್ಣ ಎನ್ನುತ್ತಾರೆ. ಅವನ ಪೂರ್ತಿ ಹೆಸರು ಗೊತ್ತಿರುವುದು ಹಾಲ್ ಟಿಕೆಟ್ಟಿಗೆ ಮಾತ್ರ.

ಒಬ್ಬನೇ ಎಂದದ್ದು ಮಾತಿಗೆ. ಹಾಸ್ಟೆಲಿಗೊಬ್ಬ, ಪಡುವಾರಹಳ್ಳಿಯ ಬೀದಿಗೊಬ್ಬ, ಗ್ರಂಥಾಲಯದ ಮೂಲೆಗೊಬ್ಬ ಇದ್ದೇ ಇರುತ್ತಾನೆ. ಆದರೆ ಒಬ್ಬನನ್ನು ನೋಡಿದರೆ ಸಾಕು, ಎಲ್ಲರನ್ನೂ ನೋಡಿದ ಹಾಗೆ: ಕುತ್ತಿಗೆಯಲ್ಲಿ ಇಯರ್‌ಫೋನು, ಬೆನ್ನಿಗೆ ಯಾವುದೋ ಕೋಚಿಂಗ್ ಸೆಂಟರಿನವರು ಬಿಟ್ಟಿ ಕೊಟ್ಟ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ನೆತ್ತಿಯ ಮೇಲೆ ಹೋದ ವರ್ಷಕ್ಕಿಂತ ತುಸು ವಿಸ್ತಾರವಾದ ಬಯಲು.

ಊರು ಮಳವಳ್ಳಿ ಕಡೆಯದಿರಬಹುದು, ಹುಣಸೂರು ಕಡೆಯದಿರಬಹುದು, ಹನೂರಿನಾಚೆಯದೂ ಇರಬಹುದು. ಗಂಗೋತ್ರಿಗೆ ಯಾವಾಗ ಬಂದೆ ಎಂದು ಕೇಳಿದರೆ ಇಸವಿ ಹೇಳುವ ರೂಢಿ ಅವನಿಗಿಲ್ಲ. “ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಬಂತಲ್ಲಾ, ಆವಾಗ ಕಣಪ್ಪ” ಎನ್ನುತ್ತಾನೆ. ಅದು 2013 ಎಂದು ಕೇಳಿದವರೇ ಲೆಕ್ಕ ಹಾಕಿಕೊಳ್ಳಬೇಕು. ಆಮೇಲೆ ಜಿಎಸ್‌ಟಿ ಬಂತು, ಮಹಿಳಾ ಮೀಸಲಾತಿ ಬಂತು, ತಿದ್ದುಪಡಿಗಳ ಸಂಖ್ಯೆ 106 ಮುಟ್ಟಿತು. ಇಷ್ಟು ದೊಡ್ಡ ದೇಶದ ಸಂವಿಧಾನವೇ ಎಂಟು ಸಲ ತಿದ್ದಿಸಿಕೊಂಡಿತು. ಅಣ್ಣ ಗೋಡೆಗೆ ಅಂಟಿಸಿದ ಟೈಮ್ ಟೇಬಲ್ ಮಾತ್ರ ಒಮ್ಮೆಯೂ ತಿದ್ದುಪಡಿ ಕಾಣಲಿಲ್ಲ. ಅದರಲ್ಲಿ ಬೆಳಗ್ಗೆ 4.30ಕ್ಕೆ ಏಳುವುದು ಎಂದು ಬರೆದಿದೆ. ಆ ಹೊತ್ತಿಗೆ ಸರಿಯಾಗಿ ಅಲಾರಂ ಏಳುತ್ತದೆ, ಪಕ್ಕದ ಮಂಚದವರು ಏಳುತ್ತಾರೆ.

ಅವನ ಪದವಿಗಳ ಪಟ್ಟಿ ನೋಡಿ ಜ್ಞಾನದಾಹಿ ಎಂದು ಭ್ರಮಿಸಬಾರದು. ಮೊದಲನೆಯದು ಇತಿಹಾಸದ ಎಂ.ಎ., ಅದು ಓದಿಗಾಗಿ. ಎರಡನೆಯದು ರಾಜ್ಯಶಾಸ್ತ್ರದ ಎಂ.ಎ., ಅದು ಹಾಸ್ಟೆಲ್ ರೂಮಿಗಾಗಿ. ಆಮೇಲಿನ ಬಿ.ಇಡಿ. ಮನೆಯವರ ಸಮಾಧಾನಕ್ಕೆ. ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯದಿಂದ ಒಂದು ಡಿಪ್ಲೊಮಾ, ಅದು ಹತ್ತಿರವಿತ್ತು ಎಂಬ ಕಾರಣಕ್ಕೆ. ಈಗ ಪಿಎಚ್.ಡಿ. ನಡೆಯುತ್ತಿದೆ. ವಿಷಯ ಏನಣ್ಣ ಎಂದರೆ “ಅದೇ, ಸಂಸ್ಥಾನದ್ದು” ಎಂದು ಮಾತು ತೇಲಿಸುತ್ತಾನೆ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಎಂಬುದು ಸಂಸ್ಥಾನದ ಚರಿತ್ರೆಗಿಂತ ಅವನಿಗೆ ಚೆನ್ನಾಗಿ ಗೊತ್ತು. 2024ರ ಜೂನ್ 18ರಂದು ನೆಟ್ ಪರೀಕ್ಷೆ ಬರೆದು ಬಂದವನೇ “ಈ ಸಲ ಹೊಡುದ್ಬುಟ್ಟೆ ಕಣ್ರೋ” ಎಂದು ಇಡೀ ವಿಂಗಿಗೆ ಟೀ, ಬೋಂಡಾ ಕೊಡಿಸಿದ. ಮಾರನೇ ದಿನ ಆ ಪರೀಕ್ಷೆಯೇ ರದ್ದಾಯಿತು. ಬೋಂಡಾ ತಿಂದವರು ನಾಚಿಕೊಂಡು ದುಡ್ಡು ವಾಪಸು ಕೊಡಲು ಹೋದರೆ, “ಇರ್ಲಿ ಬುಡ್ರಪ್ಪ, ಮುಂದಿನ ಸಲದ ಲೆಕ್ಕಕ್ಕೆ ಬರ್ಕಳಿ” ಎಂದ.

ನಿಯಮದ ಕಣ್ಣಿಗೆ ಅಣ್ಣ ಹಾಸ್ಟೆಲಿಗೆ ಎಂದೋ ಹೊರಗಿನವನು. ವ್ಯವಹಾರದಲ್ಲಿ ಅವನೇ ಒಳಗಿನವನು. ಮೋಟಾರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಭಾನುವಾರದ ಚಿಕನ್ನಿನಲ್ಲಿ ತುಂಡು ಕಮ್ಮಿಯಾದರೆ ಯಾರನ್ನು ಕೇಳಬೇಕು ಎಂಬುದು ಅವನಿಗೇ ಗೊತ್ತು. ಹೊಸದಾಗಿ ಬಂದ ವಾರ್ಡನ್ನರು ಒಂದು ರಾತ್ರಿ ತಪಾಸಣೆಗೆ ಬಂದು, “ಯಾರ್ರೀ ಇಲ್ಲಿ ಗೆಸ್ಟು?” ಎಂದು ಗದರಿದರು. ಮುಸುಕಿನೊಳಗಿಂದ ಅಣ್ಣ ತಲೆ ಹೊರಗೆ ಹಾಕಿದ. ವಾರ್ಡನ್ನರು ಬಾಗಿಲಲ್ಲೇ ನಿಂತು, “ಅಣ್ಣಾ, ನೀವಿನ್ನೂ ಇಲ್ಲೇ ಇದ್ದೀರಾ?” ಎಂದರು. ಅವರು ಎಂ.ಎ. ಮಾಡುವಾಗ ಓದಿದ್ದು ಅಣ್ಣನ ನೋಟ್ಸನ್ನೇ.

ಅಣ್ಣನ ದಿನ ಶುರುವಾಗುವುದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಗದ್ದೆ ಹೊಲಗಳಿಗೆ ನೀರುಣಿಸಲೆಂದು ಕಟ್ಟಿಸಿದ ಕೆರೆ ಅದು. ಈಗ ಅದು ಸಾಕುತ್ತಿರುವುದು ಸಕ್ಕರೆ ಕಾಯಿಲೆಯವರನ್ನು, ನಿವೃತ್ತ ಪ್ರಾಧ್ಯಾಪಕರನ್ನು ಮತ್ತು ಪೊಲೀಸ್ ಕೆಲಸದ ಆಸೆಯಲ್ಲಿ 1,600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರನ್ನು. ಅಣ್ಣ ಓಡುವುದಿಲ್ಲ, ಓಡುವವರಿಗೆ ಮೊಬೈಲ್ ಹಿಡಿದು ಟೈಮ್ ನೋಡುತ್ತಾನೆ. ನಿವೃತ್ತ ಪ್ರಾಧ್ಯಾಪಕರು ಹೆಜ್ಜಾರ್ಲೆಯನ್ನು ಕೊಕ್ಕರೆ ಎಂದರೆ ವಿನಯದಿಂದ ತಿದ್ದುತ್ತಾನೆ. ಪರಿಸರ ವಿಷಯದಲ್ಲಿ ಪ್ರಶ್ನೆ ಬರುತ್ತದೆ ಎಂದು ಹಕ್ಕಿಗಳನ್ನೆಲ್ಲ ಕಲಿತಿದ್ದಾನೆ.

ಅಲ್ಲಿಂದ ಗ್ರಂಥಾಲಯ. ಬಾಗಿಲು ತೆಗೆಯುವವರಿಗಿಂತ ಮುಂಚೆ ಅಣ್ಣನ ಬ್ಯಾಗು ಬಂದು ಬಾಗಿಲಲ್ಲಿ ಕೂತಿರುತ್ತದೆ. ಕಿಟಕಿ ಪಕ್ಕದ, ಫ್ಯಾನಿನ ಕೆಳಗಿನ, ಚಾರ್ಜಿಂಗ್ ಪಾಯಿಂಟಿಗೆ ಕೈ ಎಟಕುವ ಸೀಟು ಅವನದು. ಅವನಿಲ್ಲದಿದ್ದರೂ ಆ ಸೀಟಿನಲ್ಲಿ ಲಕ್ಷ್ಮೀಕಾಂತ್ ಅವರ ರಾಜ್ಯಶಾಸ್ತ್ರದ ದಪ್ಪ ಪುಸ್ತಕ ಕೂತಿರುತ್ತದೆ. ಅಣ್ಣ ಬಂದಾಗ ಅದರ ನಾಲ್ಕನೇ ಆವೃತ್ತಿ ಚಾಲ್ತಿಯಲ್ಲಿತ್ತು, ಆಮೇಲೆ ಐದು, ಆರು, ಏಳನೆಯದೂ ಬಂದವು. ನಾಲ್ಕನ್ನೂ ಕೊಂಡಿದ್ದಾನೆ, ಒಂದೊಂದಕ್ಕೂ ಒಂದೊಂದು ಬಣ್ಣದ ಗೆರೆ ಎಳೆದಿದ್ದಾನೆ. ಯಾವ ಆವೃತ್ತಿ ತಲೆದಿಂಬಿಗೆ ಹೆಚ್ಚು ಹದ ಎಂದು ಕೇಳಿದರೆ ಅನುಭವದ ಮಾತು ಹೇಳಬಲ್ಲ. ಹತ್ತು ಗಂಟೆಗೆ ‘ಪ್ರಜಾವಾಣಿ’, ಆಮೇಲೆ ನಮ್ಮೂರಿನ ‘ಆಂದೋಲನ’. ಸಂಪಾದಕೀಯ ಓದಿ ಮುಗಿಸುವ ಹೊತ್ತಿಗೆ ಯಾರಾದರೂ ಬಂದು ಭುಜ ಮುಟ್ಟುತ್ತಾರೆ: “ಅಣ್ಣಾ, ಬೈಟು?” ಬೈಟು ಟೀಗೆ ಅಣ್ಣ ಎಂದೂ ಇಲ್ಲ ಅಂದವನಲ್ಲ.

ಪಡುವಾರಹಳ್ಳಿಯ ಟೀ ಅಂಗಡಿಯ ಮುಂದೆ ಅವನ ನಿಜವಾದ ಪೀಠ. ಕಟ್ ಆಫ್ ಎಷ್ಟಕ್ಕೆ ನಿಲ್ಲುತ್ತದೆ, ಕೀ ಉತ್ತರದಲ್ಲಿ ಯಾವ ಪ್ರಶ್ನೆಗೆ ತಕರಾರು ಹಾಕಬೇಕು, ಯಾವ ನೇಮಕಾತಿ ಕೋರ್ಟಿಗೆ ಹೋಗುತ್ತದೆ ಎಂಬ ಭವಿಷ್ಯ ಅಲ್ಲಿ ಹೊರಬೀಳುತ್ತದೆ. ಅವನು ಹೇಳಿದ ಕಟ್ ಆಫ್ ಹೆಚ್ಚು ಕಮ್ಮಿ ನಿಜವಾಗುತ್ತದೆ. ಅವನ ಅಂಕ ಮಾತ್ರ ಅದಕ್ಕಿಂತ ಒಂದು, ಒಂದೂವರೆ ಕೆಳಗೆ ನಿಂತಿರುತ್ತದೆ.

ತಪ್ಪೆಲ್ಲ ಅವನದೇ ಎನ್ನುವಂತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಆಯ್ಕೆ ಪಟ್ಟಿಯಲ್ಲಿ ಅಣ್ಣನ ಹೆಸರಿರಲಿಲ್ಲ. “ನೋಡುದ್ರಾ, ಪಾಸಾಗ್ದಿದ್ದುದ್ದೇ ವಾಸಿಯಾಯ್ತು” ಎಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ಆಯಿತು. ಕನ್ನಡದ ಪ್ರಶ್ನೆಪತ್ರಿಕೆ ಎಡವಟ್ಟಾಗಿ ಗಲಾಟೆಯೆದ್ದು ಡಿಸೆಂಬರ್ 29ಕ್ಕೆ ಮತ್ತೊಮ್ಮೆ ಆಯಿತು. ಅಣ್ಣ ಬರೆಯುವ ಪರೀಕ್ಷೆಗಳಿಗೆ ಅವನ ಮೇಲೆ ಅದೆಂಥ ಅಕ್ಕರೆಯೋ, ಒಂದೇ ಸಲಕ್ಕೆ ಮುಗಿದು ಅವನನ್ನು ಅಗಲಲು ಅವುಗಳಿಗೆ ಮನಸ್ಸೇ ಬರುವುದಿಲ್ಲ. ಇನ್ನೇನು ವಯಸ್ಸು ಮೀರಿತು ಎನ್ನುವಷ್ಟರಲ್ಲಿ ವಯೋಮಿತಿ ಸಡಿಲಿಕೆಯ ಆದೇಶ ಬರುತ್ತದೆ. ಉಳಿದವರು ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಿದರೆ ಅಣ್ಣ ಆದೇಶ ಹೊರಟ ದಿನ ಕತ್ತರಿಸುತ್ತಾನೆ.

ಇಷ್ಟು ತಿಳಿದವನಿಗೆ ಕೆಲಸ ಯಾಕಾಗಲಿಲ್ಲ ಎಂದು ಹೊಸಬರು ಕೇಳುತ್ತಾರೆ. ಇಷ್ಟು ತಿಳಿದಿರುವುದೇ ಕಾರಣ. ನಾಲ್ಕು ಆಯ್ಕೆಗಳಲ್ಲಿ ಉಳಿದವರಿಗೆ ಒಂದು ಸರಿ ಎನಿಸಿದರೆ ಅಣ್ಣನಿಗೆ ಮೂರು ಸರಿ ಎನಿಸುತ್ತವೆ, ನಾಲ್ಕನೆಯದರ ಬಗ್ಗೆ ಸಹಾನುಭೂತಿ ಹುಟ್ಟುತ್ತದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅಣ್ಣನ ಪಾಂಡಿತ್ಯವೆಲ್ಲ ಹೀಗೆ ಕಾಲು ಕಾಲು ಅಂಕವಾಗಿ ಕರಗಿಹೋಗುತ್ತದೆ. ಅದೇ ಪಾಂಡಿತ್ಯ ಬೇರೆಯವರ ಕೈಗೆ ಹೋದರೆ ಫಲ ಕೊಡುತ್ತದೆ. ಅವನ ನೋಟ್ಸಿನ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು ಓದಿದವರು ಎಫ್‌ಡಿಎ ಆಗಿದ್ದಾರೆ, ಪಿಡಿಒ ಆಗಿದ್ದಾರೆ. ಅವನು ಟೈಮ್ ನೋಡಿ ಓಡಿಸಿದ ಹುಡುಗ ಪಿಎಸ್‌ಐ ಆಗಿ ಜೀಪಿನಲ್ಲಿ ಬಂದು ಟೀ ಅಂಗಡಿ ಮುಂದೆ ಸಲ್ಯೂಟ್ ಹೊಡೆದ. ಜೀಪು ಕಂಡ ಅಂಗಡಿಯವನು ಅಣ್ಣನ ಹಳೆಯ ಬಾಕಿಯ ಚೀಟಿಯನ್ನು ಸದ್ದಿಲ್ಲದೆ ಜೇಬಿಗೆ ಸೇರಿಸಿದ. ಕನ್ನಡ ಅಧ್ಯಯನ ಸಂಸ್ಥೆಯ ಒಬ್ಬ ಹುಡುಗಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತ ಹೇಳಿಕೊಡುತ್ತ ಅಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕತೊಡಗಿದ್ದ. ಅವಳಿಗೆ ಹೈಸ್ಕೂಲ್ ಟೀಚರ್ ಕೆಲಸವಾಯಿತು. ಲಗ್ನಪತ್ರಿಕೆ ಕೊಡಲು ಬಂದಾಗ, “ನೀವಿಲ್ಲದಿದ್ರೆ ನಂಗೆ ಈ ಕೆಲ್ಸಾನೂ ಆಗ್ತಿರ್ಲಿಲ್ಲ, ಈ ಸಂಬಂಧಾನೂ ಕೂಡ್ತಿರ್ಲಿಲ್ಲ ಅಣ್ಣಾ” ಎಂದು ಕಣ್ಣು ಒರೆಸಿಕೊಂಡಳು. ಮದುವೆಯಲ್ಲಿ ಅಣ್ಣ ಸೊಂಟಕ್ಕೆ ಟವೆಲ್ ಸುತ್ತಿ ಮೂರು ಪಂಕ್ತಿಗೆ ಪಾಯಸ ಬಡಿಸಿದ.

ಪ್ರವೇಶದ ತಿಂಗಳಲ್ಲಿ ಅವನ ಬೆಲೆ ತಿಳಿಯುತ್ತದೆ. 1916ರಲ್ಲಿ ನಾಲ್ವಡಿಯವರು ಸ್ಥಾಪಿಸಿದ ವಿಶ್ವವಿದ್ಯಾನಿಲಯ, ಕುವೆಂಪು ಹೆಸರಿಟ್ಟ ಕ್ಯಾಂಪಸ್ಸು, ಒಂದೊಂದು ಸೀಟಿಗೂ ಪೈಪೋಟಿ. ಕಬ್ಬಿಣದ ಟ್ರಂಕು ಹೊತ್ತು ಹಳ್ಳಿಯಿಂದ ಬಂದಿಳಿದ ಹುಡುಗನಿಗೆ ಈ ಚರಿತ್ರೆ ಬೇಕಿಲ್ಲ. ಅವನಿಗೆ ಬೇಕಾದದ್ದು ಚಲನ್ ಎಲ್ಲಿ ಕಟ್ಟಬೇಕು, ಕ್ರಾಫರ್ಡ್ ಭವನದ ಕಚೇರಿಗೆ ಯಾವ ಬಸ್ಸು, ಇವತ್ತು ರಾತ್ರಿ ಎಲ್ಲಿ ಮಲಗುವುದು. ಮೂರಕ್ಕೂ ಉತ್ತರ ಅಣ್ಣ. ಮೂರನೆಯದಕ್ಕಂತೂ ಅಣ್ಣನ ಮಂಚವೇ ಉತ್ತರ. “ಟ್ರಂಕು ಇಲ್ಲಿ ಇಕ್ಕು. ಉಂಡಾ? ಮೊದ್ಲು ಉಣ್ಣು, ಆಮೇಲೆ ಅಳುವಂತೆ” ಎನ್ನುತ್ತಾನೆ. ವಿಶ್ವವಿದ್ಯಾನಿಲಯದ ವಿವರಣ ಪುಸ್ತಿಕೆಯಲ್ಲಿ ಈ ಮಾತು ಯಾವ ಪುಟದಲ್ಲೂ ಇಲ್ಲ.

ದಸರಾ ಬಂತೆಂದರೆ ಅಣ್ಣನ ರೂಮು ಛತ್ರವಾಗುತ್ತದೆ. ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮದ ಡ್ಯಾನ್ಸು ಮುಗಿಯುವ ಹೊತ್ತಿಗೆ ಊರಿಂದ ನೆಂಟರ ಮೊದಲ ಕಂತು ಬಂದಿಳಿದಿರುತ್ತದೆ. ಅವರನ್ನೆಲ್ಲ ಕರೆದುಕೊಂಡು ಹೊರಡುವ ಅಣ್ಣನಿಗೆ ಬಾಯಿ ಬಿಟ್ಟರೆ ಪ್ರಶ್ನೋತ್ತರವೇ ಬರುತ್ತದೆ. ಅರಮನೆ ಮುಂದೆ ನಿಂತು, “ವಿನ್ಯಾಸ ಮಾಡಿದವರು ಹೆನ್ರಿ ಇರ್ವಿನ್, ಮುಗಿದದ್ದು 1912” ಎನ್ನುತ್ತಾನೆ. ಜಂಬೂಸವಾರಿ ದಿನ, “ಅಂಬಾರಿ ತೂಕ 750 ಕೆ.ಜಿ., ಇದು ಬಂದೇ ಬತ್ತದೆ” ಎನ್ನುತ್ತಾನೆ. ಅವನ ದೊಡ್ಡಮ್ಮ, “ಅಂಬಾರಿ ತೂಕ ಕಟ್ಕೊಂಡು ನಂಗೇನ್ಲಾ ಆಗ್ಬೇಕು? ಆನೆ ಹೊರ್ತದೆ. ನಂಗೆ ವಸಿ ಕುಂತ್ಕಳಕ್ಕೆ ಜಾಗ ತೋರ್ಸು” ಎಂದರು. ಪರೀಕ್ಷೆಗೆ ಬರದ ಪ್ರಶ್ನೆ. ಅಣ್ಣನ ಬಳಿ ಉತ್ತರವಿರಲಿಲ್ಲ.

ಅವ್ವ ಫೋನ್ ಮಾಡಿದಾಗಲೂ ಇದೇ ಪಾಡು. “ಈಗ ಎಷ್ಟನೇ ಕಿಲಾಸು ಮಗಾ?” ಎಂದು ಕೇಳುತ್ತಾಳೆ. ಅಪ್ಪ ಫೋನ್ ಕಸಿದುಕೊಂಡು, “ಆ ಪುಸ್ಕ ಎಲ್ಲಾ ಮುಗಿಯದು ಯಾವಾಗ್ಲಾ? ಇಲ್ಲಿ ಹೆಣ್ಣು ಕೊಡೋರು ಏನ್ ಕೆಲ್ಸ ಅಂತಾರೆ” ಎನ್ನುತ್ತಾನೆ. “ಪ್ರಿಪರೇಶನ್ನು ಅನ್ನಪ್ಪ.” “ಅದ್ರಲ್ಲಿ ಸಂಬ್ಳ ಎಷ್ಟು?”

ಹಾಗೆಂದು ಅಣ್ಣನಿಗೆ ಕೆಲಸ ಸಿಗುವುದೇ ಇಲ್ಲ ಎಂದು ತಿಳಿಯಬಾರದು. ಒಂದು ದಿನ ಸಿಕ್ಕೇಬಿಡುತ್ತದೆ. ಕೆಎಎಸ್ ಎಂದು ಹೊರಟವನಿಗೆ ಯಾವುದೋ ತಾಲ್ಲೂಕು ಕಚೇರಿಯ ಎಸ್‌ಡಿಎ ಆದೇಶ ಬರುತ್ತದೆ. 1921ರಲ್ಲಿ ಮಹಾರಾಜಾ ಕಾಲೇಜಿನಿಂದ ಕಲ್ಕತ್ತಕ್ಕೆ ಹೊರಟ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ಹೂವಿನ ಸಾರೋಟಿನಲ್ಲಿ ಕೂರಿಸಿ, ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದರು ಎಂದು ಮೈಸೂರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಅಣ್ಣ ಹೊರಟಾಗ ಪುಸ್ತಕದ ಭಾರಕ್ಕೆ ಲಗೇಜ್ ಆಟೋ ಸ್ಟಾರ್ಟೇ ಆಗಲಿಲ್ಲ. ಲಕ್ಷ್ಮೀಕಾಂತರ ನಾಲ್ಕು ಆವೃತ್ತಿಗಳ ಸಮೇತ ಅವನನ್ನು ಹುಡುಗರು ಗೇಟಿನವರೆಗೆ ತಳ್ಳಿದರು. ಅವರನ್ನು ಎಳೆದರು, ಇವನನ್ನು ತಳ್ಳಿದರು. ಬೆವರು ಎರಡರಲ್ಲೂ ಒಂದೇ.

ಡ್ಯೂಟಿಗೆ ಸೇರಿದ ವಾರದಲ್ಲೇ ಅವನಿಂದ ಫೋನು: “ಲೋ, ಮೇನ್ಸ್‌ಗೆ ರಜೆ ಹಾಕಿ ಬತ್ತೀನಿ, ಕಿಟಕಿ ಪಕ್ಕದ ಸೀಟು ಹಿಡಿದಿಡ್ಲಾ.” ಆದರೆ ಆ ಸೀಟು ತುಂಬಿಹೋಗಿತ್ತು. ಅಣ್ಣನ ಪಕ್ಕದ ಮಂಚದಲ್ಲಿ ಎರಡನೇ ಎಂ.ಎ. ಮುಗಿಸಿ ಮೂರನೆಯದರ ಯೋಚನೆಯಲ್ಲಿದ್ದವನು ಬೆಳಗ್ಗೆಯೇ ಬ್ಯಾಗಿಟ್ಟು ಕೂತಿದ್ದ. ಟ್ರಂಕು ಹೊತ್ತ ಹೊಸ ಹುಡುಗನೊಬ್ಬ ಅವನ ಹತ್ತಿರ ಹೋಗಿ, “ಅಣ್ಣಾ, ಚಲನ್ ಎಲ್ಲಿ ಕಟ್ಟೋದು?” ಎಂದು ಕೇಳಿದ. ಅವನು ಒಂದು ಕ್ಷಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಮೊದ್ಲು ಉಂಡಾ ಹೇಳು” ಎಂದ. ಅಧಿಸೂಚನೆಯಿಲ್ಲದೆ, ಪ್ರಶ್ನೆಪತ್ರಿಕೆ ಸೋರದೆ, ಯಾರೂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಾರದೆ, ಖಾಲಿಯಾದ ದಿನವೇ ಭರ್ತಿಯಾಗುವ ಹುದ್ದೆ ಇಡೀ ಕರ್ನಾಟಕದಲ್ಲಿ ಇದೊಂದೇ.