ಪಿನ್ನು ಮೇಡಂ

ಕಾಲೇಜು ಅಂದಮೇಲೆ ಒಬ್ಬರು ಪ್ರಿನ್ಸಿಪಾಲರು, ಒಂದು ಕೆಟ್ಟು ನಿಂತ ಜೆರಾಕ್ಸ್ ಮಷೀನು, ಒಬ್ಬರು ಪಿನ್ನು ಮೇಡಂ ಇರಲೇಬೇಕು. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ನರ್ಸಿಂಗ್ ಹೋಮಿನ ಕೌಂಟರಿನಲ್ಲೂ ಇವರ ಅಕ್ಕತಂಗಿಯರಿದ್ದಾರೆ. ನಮ್ಮವರು ಪಾಠ ಮಾಡುತ್ತಿದ್ದದ್ದು ಅರ್ಥಶಾಸ್ತ್ರ. ನಿಜವಾದ ಕೆಲಸ ಮಾತ್ರ ಬೆಳಿಗ್ಗೆ ಹಾಜರಿ ಪುಸ್ತಕದ ಪಕ್ಕ ನಿಂತು ಬಂದ ಹೆಂಗಸರ ಹೆಗಲು ನೋಡುವುದು. ಸೆರಗಿಗೆ ಪಿನ್ ಬಿದ್ದಿದೆಯೋ, ಬ್ಲೌಸಿನ ತೋಳು ಎಲ್ಲಿಯವರೆಗೆ ಇದೆ, ಬೆನ್ನಿನ ಕಡೆ ಟೈಲರ್ ಎಷ್ಟು ಬಟ್ಟೆ ಉಳಿಸಿಕೊಂಡಿದ್ದಾನೆ. ಅವರ ತಾಳಿಸರದಲ್ಲಿ ಕರಿಮಣಿಗಿಂತ ಸೇಫ್ಟಿ ಪಿನ್ನೇ ಹೆಚ್ಚು. ಬಳೆಯಲ್ಲಿ ನೇತಾಡುತ್ತಿದ್ದವು ಬೇರೆ.

ಗಂಡಸರ ಹೆಗಲಿಗೆ ಅವರ ಶಾಸ್ತ್ರದಲ್ಲಿ ಅಧ್ಯಾಯವೇ ಇರಲಿಲ್ಲ. ಕಾಮರ್ಸ್ ವಿಭಾಗದ ಸರ್ ಒಬ್ಬರು ಐಪಿಎಲ್ ಶುರುವಾದರೆ ಆರ್‌ಸಿಬಿ ಟೀಶರ್ಟಿನಲ್ಲೇ ಬರುತ್ತಿದ್ದರು. ನನ್ನ ಸೆರಗು ಜಗ್ಗುತ್ತಿದ್ದ ಮೇಡಂ ಹಾಗೇ ಕತ್ತು ತಿರುಗಿಸಿ, "ಏನ್ಸಾರ್, ನಿನ್ನೆನೂ ಸೋತ್ರಂತೆ?" ಎಂದು ಮರುಗುತ್ತಿದ್ದರು.

ಹೆಂಗಸರು ಸೀರೆಯನ್ನೇ ಉಡಬೇಕು ಅನ್ನುವ ನಿಯಮ ಎಲ್ಲಿ ಬರೆದಿದೆ ಎಂದು ಹುಡುಕಿದ್ದೇನೆ. ನೇಮಕಾತಿ ಪತ್ರದಲ್ಲಿ ಸಂಬಳ, ನೋಟಿಸ್ ಅವಧಿ, 'ಇತರ ಕರ್ತವ್ಯಗಳು' ಎಲ್ಲ ಇದ್ದವು, ಸೀರೆ ಇರಲಿಲ್ಲ. ಕೇಳಿದರೆ ಮೇಡಂಗೆ ಆಶ್ಚರ್ಯ. "ಅದನ್ನೆಲ್ಲ ಯಾರಾದ್ರೂ ಬರೀತಾರೇನಮ್ಮ? ಮ್ಯಾನೇಜ್‌ಮೆಂಟಿಗೆ ಇಷ್ಟ ಆಗಲ್ಲ." ಶಾಯಿ ಖರ್ಚಿಲ್ಲದೆ ನಡೆಯುತ್ತಿದ್ದ ಆಡಳಿತ ಅದು.

ಬಸ್ಸಿನಲ್ಲಿ ಬರುವವರು ಚೂಡಿದಾರಿನಲ್ಲಿ ಬಂದು, ಲೇಡೀಸ್ ಟಾಯ್ಲೆಟ್‌ನಲ್ಲಿ ಸೀರೆಯ ಅಂಚು ನೆಲಕ್ಕೆ ತಾಗದಂತೆ ಹಲ್ಲಿನಲ್ಲಿ ಕಚ್ಚಿಕೊಂಡು ಉಡುತ್ತಿದ್ದರು. ಒಬ್ಬಳು ನೆರಿಗೆಯನ್ನು ಹೊಲಿಸಿಯೇ ಇಟ್ಟಿದ್ದಳು. ಹೊಕ್ಕುಳ ಹತ್ತಿರ ಹುಕ್ಕು ಸಿಕ್ಕಿಸಿದರೆ ಮುಗಿಯಿತು. ನಾನು ಸ್ಕೂಟಿಯವಳು. ಬೈಕಿನ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚಬೇಕು, ಹಿಂದೆ ಕೂತವರ ಬಟ್ಟೆ ಅದಕ್ಕೆ ಸಿಕ್ಕಬಾರದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಸೀರೆ ಗಾರ್ಡ್ ಅನ್ನುತ್ತೇವಲ್ಲ, ಅದೇ. ಸರ್ಕಾರದ ಕಣ್ಣಿಗೂ ಸೀರೆ ಉಟ್ಟವಳು ಬಿದ್ದದ್ದು ಹಿಂದಿನ ಸೀಟಿನಲ್ಲೇ! ಗಾಡಿ ಓಡಿಸುವವಳು ನೆರಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ದೇವರ ಮೇಲೆ ಭಾರ ಹಾಕಬೇಕು.

ಜುಲೈನಲ್ಲಿ ಮಲೆನಾಡಿನ ಮಳೆ ಗೊತ್ತಲ್ಲ, ಅಡ್ಡ ಹೊಡೆಯುತ್ತದೆ. ಅಂಥ ಒಂದು ಬೆಳಿಗ್ಗೆ ಚೂಡಿದಾರ್ ಹಾಕಿ, ಮೇಲೆ ರೇನ್‌ಕೋಟ್ ತೊಟ್ಟು ಬಂದೆ. ಸಹಿ ಮಾಡುವವರೆಗೂ ಮೇಡಂ ಸುಮ್ಮನಿದ್ದರು. ಆಮೇಲೆ ಮಣಿಕಟ್ಟು ಹಿಡಿದು ನೇರ ಲೇಡೀಸ್ ರೂಮಿಗೆ ಕರೆದುಕೊಂಡು ಹೋಗಿ ಬೀರು ತೆಗೆದರು. ಇಂಟರ್ನಲ್ ಮಾರ್ಕ್ಸಿನ ಕಟ್ಟುಗಳ ನಡುವೆ, ನುಸಿಗುಳಿಗೆಯ ಘಾಟಿನಲ್ಲಿ, ಆಪತ್ಕಾಲದ ಸೀರೆಗಳು! ಒಂದು ಗಿಳಿಹಸಿರು ಸೀರೆ ಹೊರಬಂತು, ನೇರಳೆ ಅಂಚಿನದು. ಜೊತೆಗೆ ಅವರದೇ ಅಳತೆಯ ಬ್ಲೌಸು. ಅದರೊಳಗೆ ನಾನೂ ನನ್ನ ತಂಗಿಯೂ ಆರಾಮಾಗಿ ಹಿಡಿಸುತ್ತಿದ್ದೆವು.

"ನೆರಿಗೆ ಹಿಡ್ಕೊ. ಉಸಿರು ಎಳ್ಕೊ. ಬಿಡಬೇಡ ಅಂದ್ನಲ್ಲ!"

ಬೆನ್ನಿಗೆ ಪಿನ್ನು, ತೋಳಿಗೆ ಪಿನ್ನು. ಹೆಗಲಿನ ಪಿನ್ನಿಗೆ ಮೊದಲು ಒಂದು ಮಣಿ ಪೋಣಿಸಿ ಆಮೇಲೆ ಚುಚ್ಚಿದರು. ಹಾಗೆ ಮಾಡಿದರೆ ಸುರುಳಿಗೆ ಸಿಕ್ಕಿ ಸೀರೆ ಹರಿಯುವುದಿಲ್ಲವಂತೆ. ಕೊನೆಗೆ, ಮೆಟ್ಟಿಲು ಹತ್ತುವಾಗಲೆಲ್ಲ "ಅಯ್ಯಪ್ಪಾ" ಅನ್ನುತ್ತಿದ್ದ ಆ ಮಂಡಿಯನ್ನು ನೆಲಕ್ಕೂರಿ ಕೂತು, ಕೆಳಗಿನಿಂದ ನೆರಿಗೆಗಳನ್ನು ಒಂದೊಂದಾಗಿ ಎಳೆದು ನೇರ ಮಾಡಿದರು. ಹಸೆಮಣೆಗೆ ಕೂರಿಸುವಾಗ ಅಮ್ಮ ಉಡಿಸಿದ್ದು ಬಿಟ್ಟರೆ ಅಷ್ಟು ಅಕ್ಕರೆಯಿಂದ ನನಗೆ ಯಾರೂ ಸೀರೆ ಉಡಿಸಿರಲಿಲ್ಲ. ಬೈಯಬೇಕೆಂದು ಬಾಯಿಗೆ ಬಂದದ್ದೆಲ್ಲ ಅಲ್ಲೇ ಉಳಿಯಿತು.

ಅಷ್ಟರಲ್ಲಿ ಫಸ್ಟ್ ಅವರ್ ಮುಗಿದಿತ್ತು. ಫೈನಲ್ ಬಿಎ ಮಕ್ಕಳು ಕಾರಿಡಾರಿನಲ್ಲಿ ಅಲೆದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ನಾನು ಒಳಗೆ ಕಾಲಿಟ್ಟದ್ದೇ ಕೊನೇ ಬೆಂಚಿನಿಂದ "ಮ್ಯಾಮ್, ಎಂಗೇಜ್‌ಮೆಂಟಾ?" ಎಂದು ಬಂತು. ಸ್ಟಾಫ್ ರೂಮಿಗೆ ವಾಪಸು ಬಂದರೆ ಕಾಮರ್ಸ್ ಸರ್ ಮೊಣಕಾಲಿನ ಚಡ್ಡಿಯಲ್ಲಿ ಕೂತಿದ್ದಾರೆ. ಪ್ಯಾಂಟು ನೆನೆಯಿತಂತೆ. ಅದು ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಒಣಗುತ್ತಿದೆ. ಮೇಡಂ ತಮ್ಮ ಫ್ಲಾಸ್ಕಿನಿಂದ ಅವರಿಗೆ ಕಾಫಿ ಬಗ್ಗಿಸುತ್ತಿದ್ದಾರೆ: "ಪಾಪ, ಶೀತ ಆಗತ್ತೆ ಸಾರ್, ಬಿಸಿ ಇರುವಾಗ್ಲೇ ಕುಡೀರಿ."

ವಾದಕ್ಕೆ ನಾನೇನು ಕಮ್ಮಿಯವಳಲ್ಲ. ನಮ್ಮ ರಾಜ್ಯದ ಮಹಿಳಾ ಪೊಲೀಸರಿಗೆ 2018ರಲ್ಲಿ ಖಾಕಿ ಸೀರೆ ಹೋಗಿ ಪ್ಯಾಂಟು-ಶರ್ಟು ಬಂತು; ಆಗ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದವರು ನೀಲಮಣಿ ರಾಜು, ಕರ್ನಾಟಕದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಇದನ್ನು ಹೇಳಿದೆ.

"ಅವ್ರು ಕಳ್ಳರ ಹಿಂದೆ ಓಡ್ಬೇಕಮ್ಮ. ನೀವು ಯಾರ ಹಿಂದೆ ಓಡ್ತೀರ?"

"ಏಳೂವರೆ ಬಸ್ಸಿನ ಹಿಂದೆ" ಎಂದಳು ಹುಕ್ಕಿನವಳು.

2021ರಲ್ಲಿ ಕೇರಳ ಸರ್ಕಾರ, ಅಧ್ಯಾಪಕಿಯರ ಮೇಲೆ ಸೀರೆ ಹೇರಬೇಡಿ ಎಂದು ಆದೇಶ ಹೊರಡಿಸಿದ ಸುದ್ದಿಯನ್ನೂ ತಂದು ತೋರಿಸಿದೆ. "ಅವ್ರು ಕೊಬ್ಬರಿ ಎಣ್ಣೇಲಿ ಒಗ್ಗರಣೆ ಹಾಕ್ತಾರೆ, ನೀನೂ ಹಾಕ್ತೀಯಾ?" ಇದಕ್ಕೆ ಏನು ಹೇಳುವುದು!

ಒಮ್ಮೆ, ಪರೀಕ್ಷೆಯ ಡ್ಯೂಟಿ ಮುಗಿಸಿ ಇಬ್ಬರೇ ಕೂತಿದ್ದಾಗ ಕೇಳಿದೆ, ನಿಮಗೆ ಇದು ಕಷ್ಟ ಅನ್ನಿಸಲೇ ಇಲ್ಲವಾ ಅಂತ. ಅವರು ಉತ್ತರ ಪತ್ರಿಕೆಯ ಕಟ್ಟಿಗೆ ದಾರ ಸುತ್ತುತ್ತಾ, "ಕಷ್ಟ ಅಂತ ಹೇಳೋದಿದ್ರೆ ಸೇರಿದ ವರ್ಷವೇ ಹೇಳ್ಬೇಕಿತ್ತು. ಈಗ ಹೇಳಿದ್ರೆ, ಮತ್ತೆ ಇಷ್ಟು ವರ್ಷ ಯಾಕೆ ಉಟ್ರಿ ಅಂತ ಕೇಳ್ತಾರೆ" ಎಂದರು. ದಾರ ಸಾಲಲಿಲ್ಲ, ಇನ್ನೊಂದು ಉಂಡೆ ತರಲು ನನ್ನನ್ನು ಕಳಿಸಿದರು.

ಕೊನೆಗೆ ನಾವೆಲ್ಲ ಸೇರಿ ಅರ್ಜಿ ಬರೆದು ಕಾರ್ಯದರ್ಶಿಗಳ ಮುಂದೆ ನಿಂತೆವು. ಅವರು ಓದಿ, ಕನ್ನಡಕ ತೆಗೆದು, "ಸೀರೆನೇ ಉಡಿ ಅಂತ ನಾವು ಯಾವಾಗ ಹೇಳಿದ್ವಿ?" ಎಂದು ಸುತ್ತ ನೋಡಿದರು. ನೋಟ ಮೇಡಂ ಹತ್ತಿರ ಬಂದು ನಿಂತಿತು. ಅದೇ ಕಾರ್ಯದರ್ಶಿಗಳು ವಾರ್ಷಿಕೋತ್ಸವದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ನಮ್ಮ ಸಂಸ್ಥೆಯ ಶಿಸ್ತು" ಎಂದು ಅತಿಥಿಗಳಿಗೆ ತೋರಿಸುತ್ತಿದ್ದರು. ಮೇಡಂ ಅದನ್ನು ನೆನಪಿಸಬಹುದಿತ್ತು. "ಇಲ್ಲ ಸಾರ್, ಅದು ನಾವ್ ನಾವೇ ಮಾಡ್ಕೊಂಡಿದ್ದು" ಎಂದರು. ಅವರ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಕಾರ್ಯದರ್ಶಿಗಳ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಶನಿವಾರ ಚೂಡಿದಾರ್ ಆಗಬಹುದು ಎಂದು ತೀರ್ಮಾನವಾಯಿತು. ಇದನ್ನೂ ಯಾರೂ ಬರೆದುಕೊಡಲಿಲ್ಲ. ಮೊದಲ ಶನಿವಾರ ಬಣ್ಣಬಣ್ಣವಾಗಿ ಹೋದೆವು. ಮೇಡಂ ಮಾತ್ರ ಗಂಜಿ ಹಾಕಿದ ಕಾಟನ್ ಸೀರೆಯಲ್ಲಿ ಹಾಜರಿ ಪುಸ್ತಕದ ಪಕ್ಕ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿ ಕಾಣ್ತೀಯ" ಎಂದರು. ನಾನು ಥ್ಯಾಂಕ್ಸ್ ಹೇಳುವ ಮೊದಲೇ ಅವರ ಕೈ ತಾಳಿಸರಕ್ಕೆ ಹೋಗಿತ್ತು.

"ಆದ್ರೆ ವೇಲ್ ಒಂದೇ ಕಡೆ ಬಿಟ್ಟಿದ್ದೀಯಲ್ಲಮ್ಮ. ತಿರುಗು ಈ ಕಡೆ."