ಎಲ್ಲಾ ಒರಿಜಿನಲ್

ನಮ್ಮ ಮಾವನವರು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸಿದವರು. ಮದುವೆಯಲ್ಲಿ ಅಳಿಯನಿಗೆಂದು ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಒಂದು ದಿನ, ಹಿತ್ತಿಲ ಬೇವಿನ ಮರದ ಕೆಳಗೆ ಕಾಗೆಗಳ ವಶದಲ್ಲಿದ್ದ ಅಂಬಾಸಿಡರ್ ಮಾರ್ಕ್ 2ರ ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ಗುಜರಿಗೆ ಮಾತ್ರ ಹಾಕಬ್ಯಾಡ್ರಿ" ಎಂದರು. ಅಷ್ಟೇ ಹೇಳಿದ್ದು. ನನ್ನ ಕಿವಿಗೆ ಮಾತ್ರ ಪಟ್ಟಾಭಿಷೇಕದ ಕಹಳೆ ಕೇಳಿಸಿತು.

ಅಂದಿನಿಂದ ನಾನು ಇತಿಹಾಸಕಾರನಾದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬಂಗಾಳದ ಉತ್ತರಪಾಡಕ್ಕೆ ಬಂದು ಅಂಬಾಸಿಡರ್ ಆದದ್ದು, ಚೌಕಳಿ ಗ್ರಿಲ್ ಇದ್ದರೆ ಅದು ಮಾರ್ಕ್ 2, ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಎಂಜಿನ್ನು 1489 ಸಿಸಿ. ನಮ್ಮ ಓಣಿಯಲ್ಲಿ ಈ ಅಂಕಿ ಕೇಳಿಸಿಕೊಳ್ಳದೆ ಹಾಲು ಹಾಕಿ ಹೋದವನಿಲ್ಲ. ಪವರ್ ಸ್ಟೇರಿಂಗ್ ಹಾಕಿಸಿ ಎಂದವರನ್ನು ಮನೆಯೊಳಗೆ ಕರೆಯಲಿಲ್ಲ. ಇಸುಝು ಎಂಜಿನ್ ಕೂರಿಸಿ ಎಂದ ಷಡ್ಡಕನೊಂದಿಗೆ ಒಂದು ದೀಪಾವಳಿ ಮಾತು ಬಿಟ್ಟೆ. "ಎಲ್ಲಾ ಒರಿಜಿನಲ್" ಎನ್ನುವುದು ನನ್ನ ಮಂತ್ರವಾಯಿತು. 2023ರ ಜನವರಿಯಲ್ಲಿ ಹಾವೇರಿಗೆ 86ನೆಯ ಸಾಹಿತ್ಯ ಸಮ್ಮೇಳನ ಬಂದಾಗ ಗಾಡಿಯನ್ನು ತೊಳೆದು, ನಂಬರ್ ಪ್ಲೇಟಿನ 'ಎಂವೈ' ಎರಡಕ್ಷರ ಫಳಫಳ ಹೊಳೆಯುವಂತೆ ರಸ್ತೆ ಬದಿ ನಿಲ್ಲಿಸಿದ್ದೆ. ಸಾಹಿತಿಗಳು ಅದರ ಬಾನೆಟ್ಟಿಗೆ ಒರಗಿ ಗಿರ್ಮಿಟ್ ತಿಂದು ಹೋದರು. ಒಬ್ಬರೂ ಸಿಸಿ ಕೇಳಲಿಲ್ಲ.

ಕೇಡು ಹೊಟ್ಟೆಯಿಂದ ಶುರುವಾಯಿತು. ಡಿಕ್ಕಿಯ ಕೆಳಗೆ ಜೋತುಬಿದ್ದ ಪೆಟ್ರೋಲ್ ಟಾಕಿ ಹನಿಯತೊಡಗಿತು. ಈಗ ಬಂಕಿನಲ್ಲಿ ಹಾಕುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ತಗಡಿನ ತುಕ್ಕನ್ನು ಕಿತ್ತು ಕೈಗೆ ಕೊಡುತ್ತದೆ. ಗೋವಿನಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ, ಗೋವಿನಜೋಳವೆಂದರೆ ನಮ್ಮ ಜಿಲ್ಲೆ. ಹಾಗಾಗಿ ನನ್ನ ಗಾಡಿಯ ಹೊಟ್ಟೆ ತೂತು ಮಾಡಿದ್ದು ನಮ್ಮವರದೇ ಬೆಳೆ ಇರಬಹುದೆಂದು ಸಮಾಧಾನಪಟ್ಟೆ. ಮೊದಲು ಬಟ್ಟೆ ಸಾಬೂನು ತಿಕ್ಕಿದೆವು, ಆಮೇಲೆ ಎಂ-ಸೀಲ್ ಹಚ್ಚಿದೆವು. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಎರಡು. ಗ್ಯಾರೇಜಿನ ಮಿಸ್ತ್ರಿ ತುಕ್ಕಿಗೆ ಬೆರಳು ಒತ್ತಿದ, ಬೆರಳು ಒಳಗೆ ಹೋಯಿತು. "ಸರ, ಇದು ಟಾಕಿ ಅಲ್ಲ, ಜರಡಿ."

ರಾಣೆಬೆನ್ನೂರಿನ ಗುಜರಿಯಲ್ಲಿ ಒಂದು ಟಾಕಿ ಸಿಕ್ಕಿತು. ಗಟ್ಟಿಮುಟ್ಟಾಗಿತ್ತು. ಆದರೆ ಅದು ತೀರಾ ಈಚಿನ, ಟ್ಯಾಕ್ಸಿಯಾಗಿ ದುಡಿದು ಸತ್ತ ಡೀಸೆಲ್ ಅಂಬಾಸಿಡರ್‌ನದು. ಅದರ ಕೊರಳಿನ ಮೇಲೆ ಯಾರೋ ಹಳದಿ ಬಣ್ಣದಲ್ಲಿ 'ಡೀಸೆಲ್' ಎಂದು ದಪ್ಪಗೆ ಬರೆದಿದ್ದರು. ನನ್ನ ಮುಖ ನೋಡಿ ಮಿಸ್ತ್ರಿ ಧೈರ್ಯ ಹೇಳಿದ: "ಅಂಬಾಸಿಡರ್ ಅಂದ್ರ ಅಂಬಾಸಿಡರ್ ರೀ ಸರ. ನಿಮ್ಮ ಗಾಡಿ ಕಾಲದಿಂದ 2014ರಾಗ ಕಾರ್ಖಾನಿ ಬಂದ್ ಆಗೂತನಕಾ ಬರೇ ಮಾರಿ ತೊಳದಾರ, ಹೊಟ್ಟಿ ಅದಽ ಐತಿ."

ಅದಽ ಇರಲಿಲ್ಲ. ನಾಲ್ಕು ಬೋಲ್ಟಿನಲ್ಲಿ ಮೂರು ಕೂಡಿದವು, ನಾಲ್ಕನೆಯದಕ್ಕೆ ಹೊಸ ತೂತು. ಕೊರಳು ಒಂದಿಂಚು ಆಚೆ. ಒಳಗೆ ಜಲ್ಲಿಕಲ್ಲು ಹಾಕಿ ಇಬ್ಬರು ಹುಡುಗರು ಬೀಸುಕಲ್ಲಿನಂತೆ ಅಲ್ಲಾಡಿಸಿ ತೊಳೆದರು. ಫ್ಲೋಟ್ ಅದರದು, ಮೀಟರ್ ಇದರದು. ಮುಳ್ಳು ಮುಕ್ಕಾಲಿಗೆ ಹೋಗಿ ಅಲ್ಲೇ ಮನೆ ಮಾಡಿತು. ಇದೆಲ್ಲ ಎರಡು ದಿನದಲ್ಲಿ ಮುಗಿಯಿತು. ಉಳಿದದ್ದು ಎರಡು ಸಣ್ಣ ನಳಿಗೆ.

ಮಿಸ್ತ್ರಿ ಮೊದಲನೆಯದನ್ನು ಹಿಡಿದು, "ಇದು ಡೀಸೆಲ್ಲಿನ ರಿಟರ್ನ್ ರೀ" ಎಂದ. ಹೌದು, ಡೀಸೆಲ್ ಪಂಪು ತನಗೆ ಹೆಚ್ಚಾದ ಎಣ್ಣೆಯನ್ನು ವಾಪಸ್ ಟಾಕಿಗೆ ಕಳಿಸುತ್ತದೆ. ನನ್ನ ಕಾರ್ಬುರೇಟರ್ ಗಾಡಿಗೆ ಆ ಪದ್ಧತಿಯಿಲ್ಲ, ಕೊಟ್ಟಷ್ಟನ್ನೂ ಕುಡಿಯುತ್ತದೆ. ಆ ನಳಿಗೆ ಬಂದ್ ಆಯಿತು. ಎರಡನೆಯದನ್ನು ಹಿಡಿದು ಅವನು ತಡೆದ. "ಇದು ಯಾತಕ್ಕ ಇರಬೇಕ್ರಿ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಓದುಗರೇ, ಕಿಸೆಯಲ್ಲಿ ಕೈಯಿಟ್ಟುಕೊಂಡು ಬೇವಿನ ಮರ ನೋಡುತ್ತ ನಿಲ್ಲಬಹುದಿತ್ತು. ಆದರೆ 1489 ಸಿಸಿ ಬಲ್ಲವನು ಒಂದು ನಳಿಗೆಗೆ ಹೆದರುವುದೇ? "ಅದೂ ಡೀಸೆಲ್ಲಿಂದೇ. ಬಂದ್ ಮಾಡು" ಎಂದೆ. ಮಾಡಿದ. ಅದರ ಮೇಲೆ, ಪೆಟ್ರೋಲ್ ಕಳ್ಳರ ಭಯಕ್ಕೆ ಹುಬ್ಬಳ್ಳಿಯಿಂದ ನಾನೇ ತಂದಿದ್ದ ಬೀಗದ ಮುಚ್ಚಳ ಬಿಗಿದೆವು. ದಪ್ಪ ರಬ್ಬರ್ ವಾಶರು, ಎರಡು ಕೀಲಿ. ಇರುವೆಗೂ ಸಂದಿಲ್ಲ.

ಬ್ಯಾಡಗಿಯಲ್ಲಿ ಸೊಸೆಯ, ಎಂದರೆ ಹೆಂಡತಿಯ ಅಣ್ಣನ ಮಗಳ, ನಿಶ್ಚಿತಾರ್ಥ. ಮುಂದಿನ ಸೀಟಿನಲ್ಲಿ ಜರತಾರಿ ರುಮಾಲು ಸುತ್ತಿದ ಮಾವನವರು, ಹಿಂದೆ ಅತ್ತೆ, ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಹಾವೇರಿಯ ಏಲಕ್ಕಿ ಹಾರ. ಸೋಮವಾರ. ಮೆಣಸಿನಕಾಯಿ ಪೇಟೆಯ ದಿನವೆಂದು ಹೆಂಡತಿ ಎಚ್ಚರಿಸಿದ್ದಳು. ಮಾವನವರ ಗಾಡಿಯಲ್ಲಿ ಮಾವನವರನ್ನೇ ಮೆರೆಸುವ ಹುಮ್ಮಸ್ಸಿನಲ್ಲಿ ಕೇಳಲಿಲ್ಲ.

ಹೆದ್ದಾರಿಯಲ್ಲಿ ಏಳೆಂಟು ಕಿಲೋಮೀಟರ್ ಹೋಗುವುದರಲ್ಲಿ ಗಾಡಿ ಎರಡು ಸಲ ಬಿಕ್ಕಿ ನಿಂತಿತು. ಮಿಸ್ತ್ರಿಗೆ ಫೋನ್ ಮಾಡಿದೆ. "ಬಿಸಿಲಿಗೆ ಪಂಪ್ ಕಾದಿರ್ತೈತ್ರಿ, ಹಸಿ ಅರಿವಿ ಹಾಕ್ರಿ." ಮಾವನವರು ಹೆಗಲ ಟವೆಲ್ ಕೊಟ್ಟರು, ಬಾಟಲಿ ನೀರು ಸುರಿದು ಪಂಪಿಗೆ ಸುತ್ತಿದೆವು, ಹತ್ತು ನಿಮಿಷ ಕಾದೆವು. ಸ್ಟಾರ್ಟ್! ಮಾವನವರು ರುಮಾಲು ಸರಿಮಾಡಿಕೊಂಡು, "ನಮ್ಮ ಕಾಲದಾಗೂ ಹಿಂಗಽ ಮಾಡ್ತಿದ್ವಿ" ಎಂದರು.

ಮೋಟೆಬೆನ್ನೂರಿನ ಹತ್ತಿರ ಮತ್ತೆ ನಿಂತಿತು. ಟವೆಲ್ ಇನ್ನೂ ಹಸಿಯಾಗಿಯೇ ಇತ್ತು. ಒಬ್ಬ ಲಾರಿ ಡ್ರೈವರ್ ಇಳಿದು ಬಂದು, ಟವೆಲ್ ಕಂಡು ನಕ್ಕು, ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟಿಗೆ ಪಾಲಿಶ್ ಪೇಪರ್ ತಿಕ್ಕಿದ. ಅದಕ್ಕೂ ಹತ್ತು ನಿಮಿಷ ಹಿಡಿಯಿತು. ಸ್ಟಾರ್ಟ್! "ಕರೆಂಟ್ ಪ್ರಾಬ್ಲಂ ರೀ ಅಣ್ಣಾರ, ಪೆಟ್ರೋಲ್ ಅಲ್ಲ" ಎಂದು ಬೀಡಿಗೆ ದುಡ್ಡೂ ತೆಗೆದುಕೊಳ್ಳದೆ ಹೋದ. ಮಾವನವರ ಮುಖ ಸಣ್ಣದಾಯಿತು.

ಬ್ಯಾಡಗಿ ರಸ್ತೆಗೆ ಹೊರಳಿ ಸ್ವಲ್ಪ ಹೋಗುವುದರಲ್ಲಿ ಮೂರನೆಯ ಸಲ. ಅತ್ತೆಯವರು ಅಲ್ಲಿಯತನಕ ಒಂದು ಮಾತೂ ಆಡದವರು, ಈಗ ಬಾಗಿಲು ತೆಗೆದು ಇಳಿದರು. "ಕಣ್ಣು ತಾಕೇತಿ. ಅವತ್ತು ಸಮ್ಮೇಳನದಾಗ ಎಷ್ಟು ಮಂದಿ ನೋಡಿದ್ರು!" ಬ್ಯಾಡಗಿ ದಾರಿಯಲ್ಲಿ ಒಣಮೆಣಸಿನಕಾಯಿಗೆ ಬರವೇ? ಟಂಟಂನಿಂದ ಉದುರಿದ ಒಂದು ಹಿಡಿ ಆರಿಸಿ, ಬಾನೆಟ್ಟಿನಿಂದ ಡಿಕ್ಕಿವರೆಗೆ ಮೂರು ಸುತ್ತು ಇಳಿ ತೆಗೆದು, ಹಾದಿಯ ಮಗ್ಗುಲಿಗೆ ಹಾಕಿ ಕಾಲಿನಿಂದ ತುಳಿದು, ಕೈ ತೊಳೆದುಕೊಂಡು ಬರಲು ಅವರಿಗೂ ಸರಿಯಾಗಿ ಹತ್ತು ನಿಮಿಷ. ಸ್ಟಾರ್ಟ್!

ಗಾಡಿಯೊಳಗೆ ಈಗ ಮೂರು ಮತಗಳು. ಮೂರಕ್ಕೂ ಕಣ್ಣಾರೆ ಕಂಡ ಸಾಕ್ಷಿ. ಹೆಂಡತಿ ಹಾರದ ಮೇಲಿನ ದೂಳು ಊದುತ್ತ, "ಬಸ್ಸು ಇದ್ವು" ಎಂದಳು. ಆ ನಾಲ್ಕನೆಯ ಮತಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ನಾಲ್ಕನೆಯ ಸಲ ನಿಂತದ್ದು ಮಾರುಕಟ್ಟೆಯ ಹತ್ತಿರ, ಚೀಲ ಹೇರಿದ ಲಾರಿಗಳ ನಟ್ಟನಡುವೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು, ಅದಕ್ಕೇ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು ಎಂದು ನಾನು ಬಹಳ ಜನರಿಗೆ ಉಪನ್ಯಾಸ ಕೊಟ್ಟಿದ್ದೇನೆ. ಆ ಕಡಿಮೆ ಖಾರ ಎಂಥದೆಂದು ಪೇಟೆಯ ದಿನ ಕಿಟಕಿ ಇಳಿಸಿ ಕೂತವನಿಗೇ ಗೊತ್ತು. ಮಾವ ಸೀನಿದರು, ಅತ್ತೆ ಸೀನಿದರು, ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಸೀನಿ ನೆತ್ತಿ ಬಡಿಸಿಕೊಂಡೆ. ಹಿಂದೆ ಲಾರಿಗಳ ಹಾರ್ನು.

ಚೀಲ ಹೊರುವ ಒಬ್ಬ ಹುಡುಗ ಬಂದು, "ಟಾಕ್ಯಾಗ ಎಣ್ಣಿ ಐತೇನ್ರಿ ಕಾಕಾ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು, ನೆತ್ತಿ ಮೊದಲೇ ನೋಯುತ್ತಿತ್ತು. "ಮುಕ್ಕಾಲು ಐತಿ!" ಎಂದೆ. ಹೇಳಿದ ಮೇಲೆ ಆ ಮುಳ್ಳಿನ ಗುಣ ನೆನಪಾಯಿತು. ಸುಮ್ಮನೆ ಹೋಗಿ, ಕೀಲಿ ತಿರುಗಿಸಿ, ಮುಚ್ಚಳ ಎತ್ತಿದೆ.

ಟಾಕಿ ಉಸಿರೆಳೆಯಿತು. ಬಿಟ್ಟಿದ್ದಲ್ಲ, ಎಳೆದದ್ದು. ನೀರಿನಲ್ಲಿ ಮುಳುಗಿದವನು ಮೇಲೆ ಬಂದು ಎಳೆಯುವ ಹಾಗೆ, ಸೂಽಽಽ ಎಂದು ಉದ್ದಕ್ಕೆ, ಬ್ಯಾಡಗಿಯ ಖಾರದ ಗಾಳಿಯನ್ನೆಲ್ಲ ಒಳಗೆ ತೆಗೆದುಕೊಂಡಿತು. ಮುಗಿಯಿತೆಂದುಕೊಂಡರೆ ಮುಗಿಯಲಿಲ್ಲ, ಇನ್ನೂ ಎಳೆಯಿತು. ಹಾರ್ನು ನಿಂತವು. ಕೊನೆಗೆ, ಒಳಕ್ಕೆ ಕುಗ್ಗಿದ್ದ ತಗಡು ಮತ್ತೆ ಹೊರಕ್ಕೆ ಉಬ್ಬಿ "ಡಬ್!" ಎಂದಿತು. ಅತ್ತೆ ಕೈಮುಗಿದರು. ಆ ಎರಡನೆಯ ನಳಿಗೆ ಯಾತಕ್ಕೆ ಎಂದು ನನಗೆ ಆ ಕ್ಷಣ ತಿಳಿಯಿತು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು. ಅದರ ಮೂಗನ್ನೂ ಬಾಯನ್ನೂ ನಾನೇ ಹಿಚುಕಿ ಹಿಡಿದು, ಓಡು ಓಡು ಎನ್ನುತ್ತಿದ್ದೆ. ಹತ್ತು ನಿಮಿಷ ನಿಂತರೆ ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳುತ್ತಿತ್ತು. ಟವೆಲ್ಲು, ಪಾಲಿಶ್ ಪೇಪರು, ಮೆಣಸಿನಕಾಯಿ ಎಲ್ಲಕ್ಕೂ ಪುಣ್ಯ ಬಂದದ್ದು ಆ ಗಾಳಿಯಿಂದ.

ಗುಂಪಿನಲ್ಲಿ ಯಾರೋ ನಗುತ್ತ ಬೀಡಿಗೆ ಕಡ್ಡಿ ಗೀರಲು ಹೋದ. ಚೀಲದ ಮೇಲೆ ಕೂತಿದ್ದ ಒಬ್ಬ ಮುದುಕ ಅವನ ಕೈ ಹಿಡಿದ. "ಟಾಕಿ ತೆರದೈತೋ. ಇಲ್ಲೆ ಒಮ್ಮೆ ಬೆಂಕಿ ನೋಡೇವಿ, ಸಾಕು." 2024ರ ಮಾರ್ಚ್ 11, ಅದೂ ಸೋಮವಾರ. ಒಮ್ಮೆಲೇ ದರ ಬಿದ್ದ ಸಿಟ್ಟಿಗೆ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದರು, ವಾಹನಗಳು ಉರಿದಿದ್ದವು. ಇವತ್ತಿನ ದರ ಹೇಗೆ ಎಂದು ಮಾವನವರು ಕೇಳಿದರು. ಮುದುಕ ಚೀಲದ ಮೇಲೆ ಕೈಯಾಡಿಸಿದ, ಉತ್ತರ ಕೊಡಲಿಲ್ಲ. ಅಲ್ಲಿಯತನಕ ನನ್ನದು ದೊಡ್ಡ ಸಂಕಟವೆಂದೇ ನಾನು ತಿಳಿದಿದ್ದೆ. ಮುಚ್ಚಳ ಅರ್ಧ ಸುತ್ತು ಸಡಿಲ ಬಿಟ್ಟು ಗಾಡಿ ಹೊರಡಿಸಿದೆ.

ನಿಶ್ಚಿತಾರ್ಥಕ್ಕೆ ಒಂದೂವರೆ ಗಂಟೆ ತಡವಾಗಿ ಮುಟ್ಟಿದೆವು. ಗಾಡಿಯೊಳಗೆ ತುಂಬಿದ್ದ ಪೆಟ್ರೋಲ್ ಗಮಟನ್ನು ಏಲಕ್ಕಿ ಹಾರ ಶ್ರದ್ಧೆಯಿಂದ ಹೀರಿಕೊಂಡಿತ್ತು. ವರ ಕೊರಳು ಒಡ್ಡಿ, ಒಮ್ಮೆ ಮೂಸಿ, ನನ್ನ ಕಡೆ ನೋಡಿದ. ಒಳ್ಳೆಯ ಹುಡುಗ, ಏನೂ ಅನ್ನಲಿಲ್ಲ.

ಮಿಸ್ತ್ರಿ ನಳಿಗೆಯ ಬಾಯಿ ಬಿಡಿಸಿದ್ದು ಎರಡು ನಿಮಿಷದ ಕೆಲಸ. "ಅದೂ ಡೀಸೆಲ್ಲಿಂದೇ ಅಂದಿದ್ರಿ" ಎಂದಷ್ಟೇ ಅಂದು ಕೂಲಿ ಬೇಡವೆಂದ. ಕೂಲಿ ತೆಗೆದುಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮಾವನವರು ಈಗಲೂ ಗಾಡಿ ಹತ್ತುವಾಗ ಟವೆಲ್ ತರುತ್ತಾರೆ, ಅತ್ತೆ ಅಮಾವಾಸ್ಯೆಗೆ ಮೆಣಸಿನಕಾಯಿ ಇಳಿ ತೆಗೆಯುತ್ತಾರೆ. ನಿಜ ಹೇಳಬೇಕೆಂದರೆ ಆ ನಳಿಗೆಯ ಕತೆ ಹೇಳಬೇಕು. ಹೇಳಿಲ್ಲ.

ಹಳದಿ ಅಕ್ಷರಗಳನ್ನು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮೊನ್ನೆ ಬಂಕಿನಲ್ಲಿ ಹಿಂದೆ ನಿಂತಿದ್ದ ಯಾರೋ ಗಾಡಿ ಮೆಚ್ಚಿ, "ಎಲ್ಲಾ ಒರಿಜಿನಲ್ಲಾ ರೀ?" ಎಂದರು. ನಾನು ಎದೆ ಉಬ್ಬಿಸಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಮುಚ್ಚಳ ತೆಗೆದ ಹುಡುಗ ಡೀಸೆಲ್ ಪೈಪಿಗೆ ಕೈ ಹಾಕಿದ. "ಪೆಟ್ರೋಲ್, ಪೆಟ್ರೋಲ್!" ಎಂದು ಕೂಗಿದೆ. ಅವನು ಕೊರಳಿನ ಮೇಲಿನ ಅಕ್ಷರವನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

"ಯಾವುದರೆ ಒಂದು ಹೇಳ್ರಿ ಅಜ್ಜಾರ. ಹಿಂದ ಮಂದಿ ನಿಂತಾರ."