ಪಟ್ಟಿರಾಯರು

ಸೇವಾ ಪುಸ್ತಕದಲ್ಲಿ ಬೇರೆ ಹೆಸರಿದೆ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಪಟ್ಟಿರಾಯರು. ಯಾವ ಜಿಲ್ಲೆಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನನ್ನ ಪಾಲಿಗೆ ಬಂದವರು ಪಕ್ಕದ ಮೇಜಿನಲ್ಲೇ ಕೂತಿದ್ದಾರೆ. ಮೇಜಿನ ಮೇಲೆ ಕಡತಗಳ ಪೇರಿಕೆ, ಒಂದಡಿ ಸ್ಕೇಲು, ನಾಲ್ಕು ಬಣ್ಣದ ಪೆನ್ನು, ಒಂದು ಉದ್ದನೆಯ ಪಟ್ಟಿ ಪುಸ್ತಕ. ಕಚೇರಿ ಹತ್ತಕ್ಕಾದರೆ ರಾಯರು ಒಂಬತ್ತೂ ಮುಕ್ಕಾಲಿಗೇ ಹಾಜರು. ಅವರನ್ನು ಸೋಮಾರಿ ಎಂದವರ ನಾಲಿಗೆಗೆ ಹುಳ ಬೀಳಲಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದಕ್ಕೆ ಅವರು ಸುರಿಸುವ ಬೆವರನ್ನು ನಾವ್ಯಾರೂ ಕೆಲಸ ಮಾಡುವುದಕ್ಕೂ ಸುರಿಸುವುದಿಲ್ಲ.

ಮೊದಲೆಲ್ಲ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತಿದ್ದರು. ತರಬೇತಿಯೊಂದಕ್ಕೆ ಹೋದವರು ಐಸೆನ್‌ಹೋವರ್ ಹೆಸರಿನ ನಾಲ್ಕು ಚೌಕ ಕಲಿತು ಬಂದರು: ತುರ್ತೂ ಹೌದು ಮುಖ್ಯವೂ ಹೌದು, ಮುಖ್ಯ ಆದರೆ ತುರ್ತಿಲ್ಲ, ತುರ್ತು ಆದರೆ ಮುಖ್ಯವಲ್ಲ, ಎರಡೂ ಅಲ್ಲ. 1944ರಲ್ಲಿ ನಾರ್ಮಂಡಿಗೆ ಸೇನೆ ಇಳಿಸಿ, ಆಮೇಲೆ ಎಂಟು ವರ್ಷ ಅಮೆರಿಕದ ಅಧ್ಯಕ್ಷನಾಗಿದ್ದವನಿಗೆ ನಾಲ್ಕು ಚೌಕ ಸಾಕಾಗಿದ್ದಿರಬಹುದು. ನಮ್ಮ ಕಚೇರಿಗೆ ಸಾಲಲಿಲ್ಲ. ಇಲ್ಲಿ ಬರಿ ‘ತುರ್ತು’ ಎಂದು ಬರೆದ ಪತ್ರ ಸಾಧಾರಣ ಟಪಾಲಿನ ಜಾತಿಗೆ ಸೇರಿದ್ದು. ‘ಅತಿ ತುರ್ತು’ ಎಂದರೆ ಈ ತಿಂಗಳಲ್ಲಿ ನೋಡಬಹುದು. ‘ಅತಿ ಜರೂರು’ ಎಂದು ಬಂದು, ಅದರ ಬೆನ್ನಿಗೆ ಎರಡು ನೆನಪೋಲೆಯೂ ಬಂದರೆ ಆಗ ಪೆನ್ನಿನ ಮುಚ್ಚಳ ತೆಗೆಯಬೇಕು. ಹೀಗಾಗಿ ರಾಯರು ಐದನೇ ಚೌಕ ಎಳೆದರು: ಸಾಹೇಬರು ಕೇಳಿದ್ದು. ಆರನೆಯದು ಶಾಸಕರ ಪತ್ರ ಲಗತ್ತಿಸಿದ್ದು. ಏಳನೆಯದು ಸಾಹೇಬರು ಕೇಳಿ ಮರೆತದ್ದು. ಐದರಲ್ಲಿದ್ದ ಕೆಲಸ ಏಳಕ್ಕೆ ಜಾರಿದ ದಿನ ನಮಗೆಲ್ಲ ಕಾಫಿ ಅವರದೇ ಖರ್ಚು.

ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ಟೊಮೆಟೊ ಗಡಿಯಾರದ ವಿದ್ಯೆ ಹೇಳಿಕೊಟ್ಟ. ಇಟಲಿಯ ಚಿರಿಲ್ಲೊ ಎಂಬಾತ 1980ರ ದಶಕದಲ್ಲಿ, ಓದಲು ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಗಡಿಯಾರ ಎದುರಿಗಿಟ್ಟುಕೊಂಡು ಕಂಡುಕೊಂಡ ಉಪಾಯವಂತೆ: 25 ನಿಮಿಷ ಕೆಲಸ, ಐದು ನಿಮಿಷ ವಿರಾಮ. ಐದು ನಿಮಿಷ ನಮ್ಮ ಕ್ಯಾಂಟೀನಿಗೆ ಮೆಟ್ಟಿಲಿಳಿಯುವುದಕ್ಕೇ ಬೇಕು. ಕಾಫಿ ಕುಡಿದು ಮೇಲೆ ಹತ್ತಿ ಬರುವುದು ಮುಂದಿನ ಇಪ್ಪತ್ತೈದರ ಲೆಕ್ಕಕ್ಕೆ.

ಇಟಲಿಯವನಿಗೆ ರಾಹುಕಾಲ ಗೊತ್ತಿರಲಿಲ್ಲ. ರಾಯರಿಗೆ ಗೊತ್ತು. ಸೋಮವಾರ ಏಳೂವರೆಯಿಂದ ಒಂಬತ್ತು. ನಾವು ಬೀಗ ತೆಗೆಯುವ ಹೊತ್ತಿಗೆ ರಾಹು ಡ್ಯೂಟಿ ಮುಗಿಸಿ ಹೋಗಿರುತ್ತಾನೆ. ಹಾಗಾದರೆ ಸೋಮವಾರ ನಿರಾತಂಕವಾಗಿ ಕೆಲಸ ಸಾಗಬೇಕಲ್ಲ ಎಂದರೆ, ಅವತ್ತು ಇಡೀ ವಾರದ ಪಟ್ಟಿ ಹಾಕುವ ದಿನ. ಗುರುವಾರ ಒಂದೂವರೆಯಿಂದ ಮೂರು, ಊಟದ ಜತೆಗೆ ಕಳೆದುಹೋಗುತ್ತದೆ. ಶುಕ್ರವಾರ ಮಾತ್ರ ಕಷ್ಟ: ಹತ್ತೂವರೆಯಿಂದ ಹನ್ನೆರಡು. ಹಾಜರಿ ಹಾಕಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಆತ ಬಂದು ಎದುರಿಗೇ ಕೂತಿರುತ್ತಾನೆ.

ಸಕಾಲ ಕಾಯ್ದೆ ಬಂದಾಗ ಇನ್ನು ರಾಯರ ಆಟ ನಡೆಯದು ಎಂದುಕೊಂಡೆವು. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ರಾಯರು ಕಾಯ್ದೆಯನ್ನು ಶ್ರದ್ಧೆಯಿಂದ ಓದಿ, ಐನೂರನ್ನು ಇಪ್ಪತ್ತರಿಂದ ಭಾಗಿಸಿ ಕನ್ನಡಕ ತೆಗೆದರು. ‘ಇಪ್ಪತ್ತೈದು ದಿನ ಆದ ಮೇಲೆ ದಂಡ ಬೆಳೆಯುವುದಿಲ್ಲ. ಬೆಳೆಯದೇ ಇರುವುದಕ್ಕೆ ಅವಸರ ಏನು?’ ಅಂಥ ಕಡತಗಳಿಗೆ ಹಸಿರು ಬಣ್ಣ ಗೊತ್ತಾಯಿತು. ಇಂಥ ತಲೆಯನ್ನು ಹಣಕಾಸು ಇಲಾಖೆ ಇನ್ನೂ ಹುಡುಕಿಕೊಂಡು ಬಂದಿಲ್ಲ ಎಂಬುದೇ ನನಗೆ ಸೋಜಿಗ. ಇ-ಆಫೀಸು ಕಡತಗಳನ್ನು ತಾನೇ ತಾರೀಖಿನ ಪ್ರಕಾರ ಜೋಡಿಸಿ ತೋರಿಸುತ್ತದೆ. ರಾಯರು ಅದರ ಪ್ರಿಂಟು ತೆಗೆಸಿ, ಕೈಯಲ್ಲಿ ನಕಲು ಮಾಡಿಕೊಂಡು, ಬಣ್ಣ ತುಂಬುತ್ತಾರೆ.

ಒಂದು ದಿನ ವಯಸ್ಸಾದ ಹೆಂಗಸೊಬ್ಬರು ತಮ್ಮ ಕಡತ ಏನಾಯಿತೆಂದು ಕೇಳಿಕೊಂಡು ಬಂದರು. ರಾಯರಿಗೆ ಹಿಗ್ಗೋ ಹಿಗ್ಗು. ಪುಸ್ತಕ ಬಿಡಿಸಿ ಅವರತ್ತ ತಿರುಗಿಸಿದರು. ‘ನೋಡಿ ತಾಯಿ, ಎರಡನೇ ಚೌಕ, ನೀಲಿ. ಮುಖ್ಯವಾದದ್ದು ಅಂತಲೇ ಗುರುತು ಮಾಡಿದ್ದೀನಿ.’ ಆಕೆ ಬಗ್ಗಿ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ‘ಗೆರೆ ಚೆನ್ನಾಗಿ ಎಳೆದಿದ್ದೀಯಪ್ಪ. ಸಹಿ ಎಲ್ಲಿ?’ ನಾಳೆ ಬನ್ನಿ ಎಂದರೆ ಹೋಗಲಿಲ್ಲ. ಎದುರಿನ ಬೆಂಚಿನಲ್ಲಿ ಕೂತು, ಬುತ್ತಿ ಬಿಚ್ಚಿ ಉಂಡು, ಎಲೆಯಡಿಕೆ ಹಾಕಿಕೊಂಡು, ರಾಯರ ಮುಖವನ್ನೇ ನೋಡುತ್ತಾ ಇದ್ದರು. ನಾಲ್ಕು ಗಂಟೆಗೆ ಕಡತ ಮೇಲೆ ಹೋಯಿತು. ಐಸೆನ್‌ಹೋವರನಿಗೆ ಈ ಬೆಂಚಿನ ವಿಚಾರ ಯಾರೂ ಹೇಳಿರಲಿಕ್ಕಿಲ್ಲ.

ರಾಯರಿಗೆ ಕೆಲಸ ಬಾರದು ಎಂದುಕೊಂಡೀರಿ, ಜೋಕೆ. ಅಧಿವೇಶನ ನಡೆಯುವಾಗ ಚುಕ್ಕೆ ಗುರುತಿನ ಪ್ರಶ್ನೆ ಬಂದು, ಸಂಜೆಯೊಳಗೆ ಉತ್ತರ ಬೆಂಗಳೂರು ತಲುಪಬೇಕು ಎಂದು ಫೋನು ಬಂತೆನ್ನಿ. ಪುಸ್ತಕ ಡ್ರಾಯರಿಗೆ, ಟೊಮೆಟೊ ಗಡಿಯಾರ ಕಿಟಕಿಗೆ. ಹಳೆಯ ಕಡತ ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ತಾಲ್ಲೂಕುಗಳಿಗೆ ಫೋನು ಮಾಡಿ, ಗದರಿಸಿ, ಅಂಕಿಅಂಶ ತರಿಸಿ, ಅನುಬಂಧ ಹೊಂದಿಸಿ, ಐದಕ್ಕೆ ಉತ್ತರ ಸಾಹೇಬರ ಮೇಜಿನಲ್ಲಿ. ಒಂದು ಕಾಗುಣಿತ ತಪ್ಪಿರುವುದಿಲ್ಲ. ಅವತ್ತು ಮಂಗಳವಾರವಾಗಿದ್ದರೆ ಮೂರರಿಂದ ನಾಲ್ಕೂವರೆಯ ರಾಹು ಬಾಗಿಲಲ್ಲೇ ಕಾದು ನಿಂತು ವಾಪಸು ಹೋಗಬೇಕು.

ಮರುದಿನ ಒಂಬತ್ತೂ ಮುಕ್ಕಾಲಿಗೆ ರಾಯರು ಮೊದಲು ಮಾಡುವುದು, ನಿನ್ನೆ ಮುಗಿಸಿದ ಆ ಕೆಲಸವನ್ನು ಒಂದನೇ ಚೌಕದಲ್ಲಿ ದುಂಡಗೆ ಬರೆಯುವುದು. ಬರೆದಾದ ಮೇಲೆ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಬೇಕು. ಸ್ಕೇಲು ಸಿಗುವುದಿಲ್ಲ. ಸ್ಕೇಲು ಯಾರು ತೆಗೆದರು ಎಂದು ಇಡೀ ವಿಭಾಗವನ್ನು ವಿಚಾರಿಸುವಷ್ಟರಲ್ಲಿ ಹನ್ನೊಂದೂವರೆ.